ದುರಸ್ತಿಯೋ, ಹೊಸದೋ: ದೋಣಿಯ ಔಟ್‌ಬೋರ್ಡ್ ಎಂಜಿನ್‌ನ ಆಯಸ್ಸಿನ ಲೆಕ್ಕ

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ತಗುಲಿಸಿ, ತಿರುಪಿನ ಹಿಡಿಕೆಯಿಂದ ಬಿಗಿಯುವ ಎಂಜಿನ್ನಿಗೆ ಔಟ್‌ಬೋರ್ಡ್ ಎನ್ನುತ್ತಾರೆ. ದೋಣಿಯ ಒಡಲೊಳಗೆ ಅಡಿಪಾಯ ಹಾಕಿ ಕೂರಿಸುವ ಇನ್‌ಬೋರ್ಡ್ ಎಂಜಿನ್ನಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ಎಂಜಿನ್, ಗೇರು ಮತ್ತು ನೀರನ್ನು ಹಿಂದಕ್ಕೆ ತಳ್ಳುವ ಫ್ಯಾನು ಮೂರೂ ಒಂದೇ ಘಟಕವಾಗಿ ಸೇರಿಕೊಂಡಿರುತ್ತವೆ. ಸಣ್ಣ ಎಂಜಿನ್ನನ್ನು ಇಬ್ಬರು ಸೇರಿ ಬಿಚ್ಚಿ ದಡಕ್ಕೆ ಹೊತ್ತು ತರಬಹುದು, ಅದೇ ಜಾಗದಲ್ಲಿ ಮತ್ತೊಂದನ್ನು ಅರ್ಧ ಗಂಟೆಯೊಳಗೆ ಕೂರಿಸಬಹುದು. ಕೆಟ್ಟದ್ದನ್ನು ರಿಪೇರಿ ಮಾಡಿಸುವುದೋ, ಹೊಸದನ್ನೇ ಕೊಳ್ಳುವುದೋ ಎಂಬ ಪ್ರಶ್ನೆ ಔಟ್‌ಬೋರ್ಡ್ ಇಟ್ಟುಕೊಂಡವರನ್ನು ಪದೇ ಪದೇ ಕಾಡುವುದಕ್ಕೆ ಈ ಅನುಕೂಲವೇ ಕಾರಣ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಎಂಜಿನ್ನಿನಿಂದ ಈ ಯಂತ್ರ ಜನಬಳಕೆಗೆ ಬಂದಿತು. 1960ರ ದಶಕದಲ್ಲಿ ಯಮಹಾ, ಹೋಂಡಾ, ಸುಜುಕಿ ಮೊದಲಾದ ಜಪಾನಿ ಕಂಪನಿಗಳು ಈ ಕಣಕ್ಕಿಳಿದ ಮೇಲೆ ಅದು ಏಷ್ಯಾದ ಸಣ್ಣ ಮೀನುಗಾರರ ಕೈಗೂ ಎಟುಕಿತು.

ಕರ್ನಾಟಕದ ಕರಾವಳಿಯಲ್ಲಿ, 1970ರ ದಶಕದ ಮಧ್ಯದಲ್ಲಿ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಎಳೆಯುವ ರಂಪಣಿ ಬಲೆಯ ಸಾಮೂಹಿಕ ಮೀನುಗಾರಿಕೆ ಹಿಂದೆ ಸರಿದ ನಂತರ, ನಾಡದೋಣಿಯವರು ಕಡಲಿನಲ್ಲಿ ಉಳಿಯಲು ಆಸರೆಯಾದದ್ದು ಔಟ್‌ಬೋರ್ಡ್ ಎಂಜಿನ್. ಇಂದು ಕಾರವಾರದಿಂದ ಉಳ್ಳಾಲದವರೆಗೆ ನಾಡದೋಣಿ ಎಂದರೆ ಬಹುಮಟ್ಟಿಗೆ ಎಂಜಿನ್ ಇರುವ ಫೈಬರ್ ದೋಣಿಯೇ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಕಡಲು ನಿಷಿದ್ಧವಾಗಿದ್ದು, 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಆಗ ಮೀನು ಹಿಡಿಯಲು ಅವಕಾಶವಿರುವುದರಿಂದ, ಆ ಮಿತಿಯೊಳಗೆ ಬರುವ 8 ಮತ್ತು 9.9 ಅಶ್ವಶಕ್ತಿಯ ಎಂಜಿನ್ನುಗಳಿಗೆ ಇಲ್ಲಿ ವಿಶೇಷ ಬೆಲೆಯಿದೆ. ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳುವಾಗ ಹೆಚ್ಚು ಶಕ್ತಿಯದನ್ನೇ ಕೊಂಡರಾಯಿತು ಎಂದು ಹೊರಟವರು ಮಳೆಗಾಲದ ಆ ಎರಡು ತಿಂಗಳ ದುಡಿಮೆಯನ್ನು ಕಳೆದುಕೊಳ್ಳಬೇಕಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ರಿಪೇರಿಯ ಖರ್ಚು ಹೊಸ ಎಂಜಿನ್ನಿನ ಬೆಲೆಯ ಅರ್ಧವನ್ನು ದಾಟಿದರೆ ಹೊಸದನ್ನೇ ಕೊಳ್ಳಬೇಕು ಎಂಬ ಸೂತ್ರ ಎಲ್ಲೆಡೆ ಕೇಳಿಬರುತ್ತದೆ. ಈ ಸೂತ್ರ ತಪ್ಪೆನ್ನಲಾಗದಿದ್ದರೂ, ಅದು ಕೇಳಬೇಕಾದ ಮೊದಲ ಪ್ರಶ್ನೆಯನ್ನು ಕೇಳುವುದಿಲ್ಲ. ಮೊದಲು ತಿಳಿಯಬೇಕಾದದ್ದು ಎಂಜಿನ್ನಿನ ಯಾವ ಭಾಗ ಕೆಟ್ಟಿದೆ ಮತ್ತು ಅದು ಏಕೆ ಕೆಟ್ಟಿತು ಎಂಬುದು. ರಿಪೇರಿಗೆ ಎಷ್ಟಾಗುತ್ತದೆ ಎಂಬ ಮಾತು ಅದಾದ ಮೇಲೆ ಬರತಕ್ಕದ್ದು.

ಔಟ್‌ಬೋರ್ಡ್ ಎಂಜಿನ್ನನ್ನು ಮೇಲಿನಿಂದ ಕೆಳಕ್ಕೆ ಮೂರು ಭಾಗಗಳಾಗಿ ನೋಡಬಹುದು. ಮುಚ್ಚಳದ ಕೆಳಗೆ ಇರುವ, ಸಿಲಿಂಡರ್, ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್‌ಗಳನ್ನು ಒಳಗೊಂಡ ಭಾಗ ಪವರ್‌ಹೆಡ್. ಅದರ ಶಕ್ತಿಯನ್ನು ಕೆಳಕ್ಕೆ ಒಯ್ಯುವ ಉದ್ದನೆಯ ದಂಡವನ್ನೂ ಹೊಗೆ ಹೊರಹೋಗುವ ದಾರಿಯನ್ನೂ ಹೊಂದಿರುವ ನಡುಭಾಗವೇ ಕಾಲು. ನೀರಿನಲ್ಲಿ ಮುಳುಗಿರುವ, ಗೇರುಗಳನ್ನೂ ಫ್ಯಾನನ್ನೂ ಹೊತ್ತ ತುದಿ ಗೇರ್‌ಬಾಕ್ಸ್. ಇವುಗಳ ಸುತ್ತ ಇಂಧನ ಪೂರೈಸುವ, ಕಿಡಿ ಹೊತ್ತಿಸುವ ಮತ್ತು ತಂಪು ಮಾಡುವ ವ್ಯವಸ್ಥೆಗಳಿವೆ. ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ನಡುವೆ ಕೆಮ್ಮುತ್ತದೆ, ಎಳೆಯುವುದಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಈ ಸುತ್ತಲಿನ ವ್ಯವಸ್ಥೆಗಳಿಗೆ ಸೇರಿದವೇ ಹೊರತು ಪವರ್‌ಹೆಡ್ಡಿಗೆ ಸೇರಿದವಲ್ಲ. ಕಾರ್ಬೊರೇಟರ್‌ನಲ್ಲಿ ಕಟ್ಟಿಕೊಂಡ ಅಂಟು, ಇಂಧನದ ಪಂಪಿನಲ್ಲಿ ಹರಿದ ತೆಳ್ಳನೆಯ ಪೊರೆ, ಟ್ಯಾಂಕಿನಿಂದ ಬರುವ ಪೈಪಿನ ಬಿರುಕು, ಕರಿ ಹಿಡಿದ ಸ್ಪಾರ್ಕ್ ಪ್ಲಗ್ ಇವೆಲ್ಲ ಸಣ್ಣ ಖರ್ಚಿನ ಕೆಲಸಗಳು. ಕಿಡಿಯ ಹೊತ್ತನ್ನು ನಿಯಂತ್ರಿಸುವ ಸಿಡಿಐ ಎಂಬ ವಿದ್ಯುತ್ ಪೆಟ್ಟಿಗೆ ಕೆಟ್ಟರೆ ಖರ್ಚು ಸ್ವಲ್ಪ ಹೆಚ್ಚು. ಆದರೂ ಇಂತಹ ಯಾವ ದೋಷಕ್ಕೂ ಎಂಜಿನ್ನನ್ನೇ ಬದಲಿಸುವುದು ದುಂದುವೆಚ್ಚ.

ತಂಪು ಮಾಡುವ ವ್ಯವಸ್ಥೆಯ ಮಾತು ಬೇರೆ. ಔಟ್‌ಬೋರ್ಡ್ ಎಂಜಿನ್ನಿಗೆ ಕಾರಿನಂತೆ ರೇಡಿಯೇಟರ್ ಇಲ್ಲ. ದೋಣಿ ತೇಲುವ ನೀರನ್ನೇ ಅದು ಹೀರಿ, ಸಿಲಿಂಡರಿನ ಸುತ್ತ ಹರಿಸಿ, ಹೊರಗೆ ಬಿಡುತ್ತದೆ. ಈ ನೀರನ್ನು ಮೇಲೆತ್ತುವುದು ಕಾಲಿನ ಬುಡದಲ್ಲಿರುವ ಇಂಪೆಲ್ಲರ್, ಅಂದರೆ ಹೂವಿನ ಎಸಳುಗಳಂತೆ ರೆಕ್ಕೆಗಳಿರುವ ಅಂಗೈ ಅಗಲದ ಒಂದು ರಬ್ಬರ್ ಚಕ್ರ. ಎಂಜಿನ್ ಓಡುವಾಗ ಅದರ ಪಕ್ಕದ ಸಣ್ಣ ತೂತಿನಿಂದ ನೀರಿನ ಎಳೆಯೊಂದು ಸತತವಾಗಿ ಚಿಮ್ಮುತ್ತಿದ್ದರೆ ಇಂಪೆಲ್ಲರ್ ಕೆಲಸ ಮಾಡುತ್ತಿದೆ ಎಂದರ್ಥ. ಆ ಎಳೆ ಸಣ್ಣಗಾದರೆ ಅಥವಾ ನಿಂತರೆ ಎಂಜಿನ್ನನ್ನು ತಕ್ಷಣ ಬಂದ್ ಮಾಡಬೇಕು. ಅಳಿವೆಯ ಮರಳು ನೀರಿನಲ್ಲಿ ರೆಕ್ಕೆಗಳು ಬೇಗ ಸವೆಯುತ್ತವೆ; ದಡದಲ್ಲಿ ಪರೀಕ್ಷಿಸಲೆಂದು ನೀರಿಲ್ಲದೆ ಒಂದು ನಿಮಿಷ ಓಡಿಸಿದರೂ ಅವು ಸುಟ್ಟು ಹರಿಯಬಹುದು. ಹರಿದ ರೆಕ್ಕೆಯ ತುಣುಕುಗಳು ನೀರಿನ ದಾರಿಯಲ್ಲಿ ಸಿಕ್ಕಿಕೊಂಡರೆ, ಹೊಸ ಇಂಪೆಲ್ಲರ್ ಹಾಕಿದ ಮೇಲೂ ಎಂಜಿನ್ ಕಾಯುವುದು ತಪ್ಪುವುದಿಲ್ಲವಾದ್ದರಿಂದ, ಒಳ್ಳೆಯ ಮೆಕ್ಯಾನಿಕ್ ಹಳೆಯದರಲ್ಲಿ ಎಷ್ಟು ರೆಕ್ಕೆ ಉಳಿದಿವೆ ಎಂದು ಎಣಿಸಿ, ಕಾಣೆಯಾದ ತುಣುಕನ್ನು ಹುಡುಕಿ ತೆಗೆದ ನಂತರವೇ ಕೆಲಸ ಮುಗಿಸುತ್ತಾನೆ. ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ಅಗ್ಗದ ರಬ್ಬರನ್ನು ಕಡೆಗಣಿಸಿದ್ದರಿಂದಲೇ ಅದೆಷ್ಟೋ ಪವರ್‌ಹೆಡ್‌ಗಳು ಗುಜರಿ ಸೇರಿವೆ.

ಪವರ್‌ಹೆಡ್‌ನ ಆರೋಗ್ಯವನ್ನು ಬಿಚ್ಚದೆಯೇ ತಿಳಿಯುವ ಉಪಾಯ ಕಂಪ್ರೆಷನ್ ಪರೀಕ್ಷೆ. ಪಿಸ್ಟನ್ ಮೇಲೇರುವಾಗ ಸಿಲಿಂಡರಿನಲ್ಲಿ ಎಷ್ಟು ಒತ್ತಡ ಹುಟ್ಟುತ್ತದೆ ಎಂಬುದನ್ನು ಪ್ಲಗ್ಗಿನ ಜಾಗದಲ್ಲಿ ಗೇಜು ಕೂರಿಸಿ, ಥ್ರಾಟಲ್ ಪೂರ್ತಿ ತೆರೆದು, ಹಗ್ಗವನ್ನು ನಾಲ್ಕಾರು ಬಾರಿ ಜೋರಾಗಿ ಎಳೆದು ಅಳೆಯುತ್ತಾರೆ. ಎಲ್ಲ ಪ್ಲಗ್‌ಗಳನ್ನೂ ಕಳಚಿ, ಕಿಡಿ ಹಾರದಂತೆ ತಪ್ಪಿಸಿ ಮಾಡುವ ಈ ಪರೀಕ್ಷೆಯಲ್ಲಿ ಬರುವ ಅಂಕಿ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾಗುತ್ತದೆ. ಸೀಮೆಎಣ್ಣೆ ಎಂಜಿನ್ನುಗಳಲ್ಲಿ ಅದು ಪೆಟ್ರೋಲ್ ಎಂಜಿನ್ನುಗಳಿಗಿಂತ ಕಡಿಮೆಯೇ ಇರುತ್ತದೆ. ಆದ್ದರಿಂದ ನೋಡಬೇಕಾದದ್ದು ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು 110, ಇನ್ನೊಂದು 105 ತೋರಿಸಿದರೆ ಚಿಂತೆಯಿಲ್ಲ. ಒಂದು 110, ಇನ್ನೊಂದು 70 ತೋರಿಸಿದರೆ ಎರಡನೆಯದರಲ್ಲಿ ರಿಂಗ್ ಅಂಟಿದೆ, ಪಿಸ್ಟನ್ ಗೀರಿದೆ ಅಥವಾ ಗ್ಯಾಸ್ಕೆಟ್ ಹೋಗಿದೆ. ಶೇಕಡಾ 10ರೊಳಗಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ದೋಷ ರಿಂಗಿನಲ್ಲಿರುವ ಸಂಭವ ಹೆಚ್ಚು. ಅಕ್ಕಪಕ್ಕದ ಎರಡೂ ಸಿಲಿಂಡರುಗಳು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ಟನ್ನು ಅನುಮಾನಿಸಬೇಕು. ಬದಲಿಸಿದರೆ ಮುಗಿಯುವ ಕೆಲಸ ಅದು.

ಸಿಲಿಂಡರಿನ ಗೋಡೆ ಗೀರಿದ್ದರೆ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ತುಸು ದೊಡ್ಡ ಅಳತೆಯ ಪಿಸ್ಟನ್ ಹಾಕಿಸುವ ಪದ್ಧತಿಯಿದೆ. ಅದು ಒಳ್ಳೆಯ ರಿಪೇರಿಯೇ. ಆದರೆ ಪಿಸ್ಟನ್ ಏಕೆ ಸುಟ್ಟಿತು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಬೋರ್ ಮಾಡಿಸುವವರ ಹೊಸ ಪಿಸ್ಟನ್ ಕೆಲವೇ ವಾರಗಳಲ್ಲಿ ಮತ್ತೆ ಸುಡುತ್ತದೆ. ನಾಡದೋಣಿಗಳಲ್ಲಿ ಈಗಲೂ ಬಳಕೆಯಲ್ಲಿರುವ ಟೂ ಸ್ಟ್ರೋಕ್ ಎಂಜಿನ್ನುಗಳಿಗೆ, ಅಂದರೆ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಉರಿಯುವ ಎಂಜಿನ್ನುಗಳಿಗೆ, ಬೇರೆ ಎಣ್ಣೆಯ ತೊಟ್ಟಿ ಇರುವುದಿಲ್ಲ. ಇಂಧನದಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಭಾಗಗಳಿಗೆ ಜಿಡ್ಡು. ಮಿಶ್ರಣದಲ್ಲಿ ಎಣ್ಣೆ ಕಡಿಮೆಯಾದರೆ, ಕಾರ್ಬೊರೇಟರಿನ ಸಣ್ಣ ರಂಧ್ರ ಅರ್ಧ ಮುಚ್ಚಿ ಇಂಧನ ಸಾಲದಾದರೆ, ಕ್ರ್ಯಾಂಕಿನ ತುದಿಯ ಆಯಿಲ್ ಸೀಲ್ ಸವೆದು ಗಾಳಿ ಒಳಸೇರಿದರೆ, ಪಿಸ್ಟನ್ನಿಗೆ ಸಿಗಬೇಕಾದ ಜಿಡ್ಡೂ ತಂಪೂ ತಪ್ಪುತ್ತದೆ. ಇವುಗಳಲ್ಲಿ ಸೀಲಿನ ದೋಷ ಕಂಪ್ರೆಷನ್ ಗೇಜಿಗೆ ಸಿಕ್ಕುವುದೇ ಇಲ್ಲ. ಹೀಗಾಗಿ ಪಿಸ್ಟನ್ ಬದಲಿಸುತ್ತೇನೆ ಎನ್ನುವ ಮೆಕ್ಯಾನಿಕ್‌ಗಿಂತ, ಪಿಸ್ಟನ್ ಸುಟ್ಟ ಕಾರಣವನ್ನು ತೋರಿಸುತ್ತೇನೆ ಎನ್ನುವ ಮೆಕ್ಯಾನಿಕ್‌ನ ಕೈಗೆ ಎಂಜಿನ್ ಕೊಡುವುದು ಲೇಸು.

ಸೀಮೆಎಣ್ಣೆಯದು ಇದಕ್ಕೆ ಸೇರಿಕೊಳ್ಳುವ ಮತ್ತೊಂದು ತೊಡಕು. ಸೀಮೆಎಣ್ಣೆ ಎಂಜಿನ್ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ನಂತರ ಸೀಮೆಎಣ್ಣೆಗೆ ಹೊರಳುತ್ತದೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಂದು, ಕಾರ್ಬೊರೇಟರಿನಲ್ಲಿ ಉಳಿದ ಸೀಮೆಎಣ್ಣೆಯನ್ನು ಖಾಲಿ ಮಾಡಬೇಕು. ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗದ ಈ ಇಂಧನ ಪೂರ್ತಿ ಉರಿಯದೆ ಪಿಸ್ಟನ್ ತಲೆಯ ಮೇಲೂ ಹೊಗೆಯ ದಾರಿಯಲ್ಲೂ ಮಸಿ ಕಟ್ಟುತ್ತದೆ, ಮಸಿ ರಿಂಗನ್ನು ಅದರ ತೋಡಿನಲ್ಲೇ ಅಂಟಿಸಿಬಿಡುತ್ತದೆ. ಎಂಜಿನ್ ಮುದಿಯಾಯಿತು ಎಂದು ಮಾಲೀಕರು ಕೈಬಿಟ್ಟ ಎಷ್ಟೋ ಸಂದರ್ಭಗಳಲ್ಲಿ ಹೆಡ್ ಬಿಚ್ಚಿ ಮಸಿ ಕೆರೆದು ರಿಂಗ್ ಬದಲಿಸಿದರೆ ಕಳೆದುಹೋದ ಶಕ್ತಿ ಮರಳುವುದುಂಟು.

ಇನ್ನು ಗೇರ್‌ಬಾಕ್ಸ್. ಅದರ ಕೆಳಗಿನ ತಿರುಪನ್ನು ಬಿಚ್ಚಿದಾಗ ಹೊರಬರುವ ಎಣ್ಣೆಯೇ ಒಳಗಿನ ಸ್ಥಿತಿಯನ್ನು ತಿಳಿಸುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲಿನ ಮೂಲಕ ನೀರು ನುಗ್ಗಿದೆ. ಬಹಳ ಸಲ ಫ್ಯಾನಿನ ಶಾಫ್ಟಿಗೆ ಸುತ್ತಿಕೊಂಡ ಬಲೆಯ ನೂಲು ಆ ಸೀಲನ್ನು ಕತ್ತರಿಸಿರುತ್ತದೆ. ಬೇಗ ಕಂಡುಹಿಡಿದರೆ ಸೀಲು ಮತ್ತು ಎಣ್ಣೆಯ ಖರ್ಚಿನಲ್ಲಿ ಮುಗಿಯುತ್ತದೆ. ಬೆರಳ ನಡುವೆ ಉಜ್ಜಿದಾಗ ಎಣ್ಣೆಯಲ್ಲಿ ಲೋಹದ ಚೂರುಗಳು ಚುಚ್ಚಿದರೆ ಗೇರಿನ ಹಲ್ಲುಗಳೇ ಮುರಿಯತೊಡಗಿವೆ.

ಈ ಎಲ್ಲ ದೋಷಗಳಿಗಿಂತ ನಿರ್ಣಾಯಕವಾದದ್ದು ಉಪ್ಪು. ಔಟ್‌ಬೋರ್ಡಿನ ಮೈ ಅಲ್ಯೂಮಿನಿಯಂ, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲ್. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದನ್ನೊಂದು ತಾಗಿ ನಿಂತಾಗ ಅವುಗಳ ನಡುವೆ ಸಣ್ಣ ವಿದ್ಯುತ್ ಹರಿದು ಅಲ್ಯೂಮಿನಿಯಂ ಕರಗತೊಡಗುತ್ತದೆ. ಇದನ್ನು ತಡೆಯಲು ಎಂಜಿನ್ನಿನ ಕೆಳಭಾಗಕ್ಕೆ ಆನೋಡ್ ಎಂಬ ಸತುವಿನ ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಯನ್ನು ಕೂರಿಸಿರುತ್ತಾರೆ. ಮೈಯ ಬದಲು ಅದು ಕರಗುತ್ತದೆ. ಅರ್ಧ ಕರಗಿದ ಆನೋಡನ್ನು ಬದಲಿಸಬೇಕು. ಅದಕ್ಕೆ ಬಣ್ಣ ಬಳಿದರೆ ಅದು ಇದ್ದೂ ಇಲ್ಲದಂತೆ. ಪ್ರತಿ ಸಲ ಕಡಲಿನಿಂದ ಬಂದ ಮೇಲೆ ಡ್ರಮ್ಮಿನ ಸಿಹಿನೀರಿನಲ್ಲಿ ಐದು ಹತ್ತು ನಿಮಿಷ ಓಡಿಸಿ ತೊಳೆದ ಎಂಜಿನ್ನಿಗೂ ಹಾಗೆ ತೊಳೆಯದ ಎಂಜಿನ್ನಿಗೂ ಕೆಲವೇ ವರ್ಷಗಳಲ್ಲಿ ಅಜಗಜಾಂತರವಾಗುತ್ತದೆ. ತೊಳೆಯದ ಎಂಜಿನ್ನನ್ನು ಬಿಚ್ಚಲು ಹೊರಟಾಗ ಅದು ಬಯಲಾಗುತ್ತದೆ: ಉಪ್ಪು ಕಟ್ಟಿ ಬೆಸುಗೆಯಾದಂತಿರುವ ಬೋಲ್ಟು ಬಿಸಿ ಮಾಡಿದರೂ ಅಲುಗದೆ ತಲೆ ಮುರಿದುಕೊಳ್ಳುತ್ತದೆ, ಒಳಗುಳಿದ ತುಂಡನ್ನು ಡ್ರಿಲ್ ಹೊಡೆದು ತೆಗೆದು ಹೊಸದಾಗಿ ತಿರುಪಿನ ಎಳೆ ಕೊರೆಯಬೇಕಾಗುತ್ತದೆ, ಅಷ್ಟರಲ್ಲಿ ಪಕ್ಕದ ಬೋಲ್ಟೂ ಮುರಿದಿರುತ್ತದೆ. ಬಿಡಿಭಾಗದ ಬೆಲೆಯನ್ನು ಮೊದಲೇ ಹೇಳಬಹುದು. ಉಪ್ಪು ತಿಂದ ಎಂಜಿನ್ನನ್ನು ಬಿಚ್ಚುವ ಕೂಲಿಯನ್ನು ಯಾವ ಮೆಕ್ಯಾನಿಕ್ಕೂ ಪ್ರಾಮಾಣಿಕವಾಗಿ ಮೊದಲೇ ಹೇಳಲಾರ. ನೀರಿನ ದಾರಿಗಳ ಗೋಡೆ ತೂತಾಗುವಷ್ಟು ಕರಗಿದ್ದರೆ ಆ ಎಂಜಿನ್ನಿನ ಕತೆ ಮುಗಿದಂತೆ. ಅದಕ್ಕೆ ಹೊಸ ಪಿಸ್ಟನ್ ಹಾಕಿಸುವುದು ಹಣ ಹಾಳು.

ದೋಣಿ ಮಗುಚಿ ಕಡಲಿಗೆ ಮುಳುಗಿದ ಎಂಜಿನ್ನಿನ ವಿಷಯದಲ್ಲಿ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾದ ಒಂದು ಸಂಗತಿಯಿದೆ. ಮುಳುಗಿರುವಾಗ ಆಗುವುದಕ್ಕಿಂತ ಹೆಚ್ಚಿನ ಹಾನಿ ಮೇಲೆತ್ತಿದ ನಂತರ, ಗಾಳಿ ತಾಗಿದೊಡನೆ ಆಗುತ್ತದೆ. ಉಪ್ಪುನೀರು ಮೆತ್ತಿದ ಬೇರಿಂಗ್‌ಗಳು ಗಂಟೆಗಳ ಲೆಕ್ಕದಲ್ಲಿ ತುಕ್ಕು ಹಿಡಿಯುತ್ತವೆ. ಆದ್ದರಿಂದ ಅದನ್ನು ಎತ್ತಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ಕಳಚಿ ನೀರನ್ನು ಬಸಿದು, ಸಿಲಿಂಡರಿಗೂ ಕಾರ್ಬೊರೇಟರಿಗೂ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸಬೇಕು. ತಿರುಗುವಾಗ ಎಲ್ಲಾದರೂ ತಡೆದರೆ ಬಲವಂತ ಮಾಡಬಾರದು. ಮೆಕ್ಯಾನಿಕ್ ಅಂದೇ ಸಿಗದಿದ್ದರೆ ಎಂಜಿನ್ನನ್ನು ಸಿಹಿನೀರಿನ ತೊಟ್ಟಿಯಲ್ಲಿ ಮುಳುಗಿಸಿಡುವುದೇ ಮೇಲು. ಮರುದಿನ ನೋಡೋಣವೆಂದು ಬಿಸಿಲಿನಲ್ಲಿ ಒಣಗಲು ಇಟ್ಟ ಎಂಜಿನ್ ಬಹುತೇಕ ಕೈಬಿಟ್ಟಂತೆಯೇ.

ದೋಷದ ಜಾಗ ತಿಳಿದ ಮೇಲೆ ಹಣದ ಲೆಕ್ಕ. ಎಂಜಿನ್ನಿಗೆ ಎಷ್ಟು ವರ್ಷ ಎಂದು ಕೇಳುವುದು ವಾಡಿಕೆ; ಕೇಳಬೇಕಾದದ್ದು ಎಷ್ಟು ಗಂಟೆ ಓಡಿದೆ ಎಂದು. ವಿಹಾರಕ್ಕಾಗಿ ದೋಣಿ ಇಟ್ಟುಕೊಂಡವರ ಎಂಜಿನ್ ವರ್ಷಕ್ಕೆ 50ರಿಂದ 100 ಗಂಟೆ ಓಡಿದರೆ ಹೆಚ್ಚು. ದಿನಕ್ಕೆ 5 ಗಂಟೆಯಂತೆ ವರ್ಷದಲ್ಲಿ 150 ದಿನ ಕಡಲಿಗಿಳಿಯುವ ನಾಡದೋಣಿಯ ಎಂಜಿನ್ 750 ಗಂಟೆ ದುಡಿಯುತ್ತದೆ. ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ ಎಂದು ವಿದೇಶಿ ಕೈಪಿಡಿಗಳಲ್ಲಿ ಓದಿದ ಮಾತನ್ನು ಮರವಂತೆಯ ದಡಕ್ಕೆ ಅನ್ವಯಿಸಲಾಗದು.

ಅರ್ಧ ಬೆಲೆಯ ಸೂತ್ರ ಎಡವುವುದೂ ಇಲ್ಲಿಯೇ. ಲೆಕ್ಕದ ಅನುಕೂಲಕ್ಕೆ, 2 ಲಕ್ಷ ರೂಪಾಯಿಯ ಹೊಸ ಎಂಜಿನ್ 3,000 ಗಂಟೆ ದುಡಿಯುತ್ತದೆ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 67 ರೂಪಾಯಿ ಬೀಳುತ್ತದೆ. ಹಳೆಯದಕ್ಕೆ 60,000 ರೂಪಾಯಿ ಸುರಿದು 1,500 ಗಂಟೆ ದುಡಿಸಿಕೊಂಡರೆ ಗಂಟೆಗೆ 40 ರೂಪಾಯಿ. ಅಷ್ಟೇ ಹಣ ಸುರಿದ ಎಂಜಿನ್ 600 ಗಂಟೆಗೇ ನಿಂತುಬಿಟ್ಟರೆ ಗಂಟೆಗೆ 100 ರೂಪಾಯಿ. ಎರಡೂ ಸಂದರ್ಭಗಳಲ್ಲಿ ರಿಪೇರಿಯ ವೆಚ್ಚ ಹೊಸದರ ಅರ್ಧಕ್ಕಿಂತ ಕಡಿಮೆಯೇ. ಒಂದರಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ. ಇದಕ್ಕೆ ಇಂಧನವನ್ನೂ ಸೇರಿಸಬೇಕು. ಗಂಟೆಗೆ 4 ಲೀಟರಿನಂತೆ 750 ಗಂಟೆಗೆ 3,000 ಲೀಟರ್ ಕುಡಿಯುವ ಹಳೆಯ ಟೂ ಸ್ಟ್ರೋಕ್ ಪೆಟ್ರೋಲ್ ಎಂಜಿನ್ನಿನ ಜಾಗದಲ್ಲಿ, ಅದಕ್ಕಿಂತ ಐದನೇ ಒಂದು ಭಾಗ ಕಡಿಮೆ ಕುಡಿಯುವ ಫೋರ್ ಸ್ಟ್ರೋಕ್ ಎಂಜಿನ್ ಬಂದರೆ ವರ್ಷಕ್ಕೆ 600 ಲೀಟರ್ ಉಳಿಯುತ್ತದೆ. ಲೀಟರಿಗೆ 100 ರೂಪಾಯಿ ಎಂದರೂ 60,000 ರೂಪಾಯಿ. ರಿಪೇರಿಯ ಬಿಲ್ಲು ಕಣ್ಣಿಗೆ ಕಾಣುತ್ತದೆ, ಟ್ಯಾಂಕಿನಲ್ಲಿ ದಿನವೂ ಕರಗುವ ಹಣ ಕಾಣುವುದಿಲ್ಲ. ರಿಯಾಯಿತಿ ದರದ ಸೀಮೆಎಣ್ಣೆ ಸಕಾಲಕ್ಕೆ ಸಿಗುವವರಿಗೆ ಈ ಲೆಕ್ಕ ಬೇರೆಯಾಗುತ್ತದೆ ನಿಜ. ಆದರೆ ಅದು ಸಕಾಲಕ್ಕೆ ಸಿಗುವುದಿಲ್ಲ ಎಂಬುದು ನಾಡದೋಣಿ ಮೀನುಗಾರರ ಬಹುಕಾಲದ ದೂರು.

ಫೋರ್ ಸ್ಟ್ರೋಕ್ ಎಂಜಿನ್ನಿಗೂ ಅದರದೇ ತೊಂದರೆಗಳಿವೆ. ಅದು ಹೆಚ್ಚು ಭಾರ, ಬೆಲೆಯೂ ಹೆಚ್ಚು. ಕವಾಟಗಳೂ ಬೇರೆ ಎಣ್ಣೆಯ ವ್ಯವಸ್ಥೆಯೂ ಇರುವುದರಿಂದ ದಡದ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದು ಸರಿಪಡಿಸುವುದು ಟೂ ಸ್ಟ್ರೋಕಿನಷ್ಟು ಸುಲಭವಲ್ಲ. ಇಂಧನವನ್ನು ಎಲೆಕ್ಟ್ರಾನಿಕ್ ವಿಧಾನದಿಂದ ಚಿಮ್ಮಿಸುವ ಮಾದರಿಗಳಲ್ಲಂತೂ ದೋಷ ಹುಡುಕಲು ಕಂಪ್ಯೂಟರೇ ಬೇಕಾಗಬಹುದು. ಆದ್ದರಿಂದ ಕೊಳ್ಳುವ ಮುನ್ನ ಆ ಕಂಪನಿಯ ಸರ್ವಿಸ್ ಕೇಂದ್ರವೂ ಬಿಡಿಭಾಗಗಳೂ ಎಷ್ಟು ದೂರದಲ್ಲಿ ಸಿಗುತ್ತವೆ ಎಂದು ನೋಡಲೇಬೇಕು. ಹಳೆಯ ಎಂಜಿನ್ನಿನ ವಿಷಯದಲ್ಲೂ ಪ್ರಶ್ನೆ ಇದೇ. ಅಮೆರಿಕದಲ್ಲಿ 1998ರಿಂದ 2006ರ ನಡುವೆ ಹಂತಹಂತವಾಗಿ ಬಿಗಿಯಾದ ಹೊಗೆ ನಿಯಮಗಳು ಹಳೆಯ ಬಗೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್‌ಗಳನ್ನು ಅಲ್ಲಿನ ಹೊಸ ಮಾರುಕಟ್ಟೆಯಿಂದ ಹೊರಗಟ್ಟಿದವು; ಈ ಉದ್ಯಮಕ್ಕೆ ನಾಂದಿ ಹಾಡಿದ ಎವಿನ್‌ರೂಡ್ ಹೆಸರಿನ ಎಂಜಿನ್ನುಗಳ ತಯಾರಿಕೆಯೇ 2020ರಲ್ಲಿ ನಿಂತಿತು. ತಯಾರಿಕೆ ನಿಂತ ಮಾದರಿಗಳ ಬಿಡಿಭಾಗಗಳು ಕ್ರಮೇಣ ದುರ್ಲಭವಾಗುತ್ತವೆ, ಆ ಜಾಗವನ್ನು ನಕಲಿ ಭಾಗಗಳು ತುಂಬುತ್ತವೆ. ಒಂದು ಸೀಲಿಗಾಗಿ ಎರಡು ವಾರ ಕಾಯಬೇಕಾದ ಎಂಜಿನ್, ಬಂಗುಡೆ ದಡಕ್ಕೆ ಬಂದ ಹೊತ್ತಿನಲ್ಲಿ ಇದ್ದೂ ಇಲ್ಲದಂತೆ. ಆ ಎರಡು ವಾರದ ನಷ್ಟವೂ ಒಬ್ಬ ಮಾಲೀಕನದಲ್ಲ, ದೋಣಿಯಲ್ಲಿ ಪಾಲು ಇರುವ ಎಲ್ಲರದು.

ಹಣದ ಲೆಕ್ಕಕ್ಕೆ ಸಿಗದ ಒಂದು ಅಂಶವೂ ಇದೆ. ಗಂಗೊಳ್ಳಿಯಂತಹ ಅಳಿವೆಯ ಬಾಯಲ್ಲಿ ಮಳೆಗಾಲದ ತೆರೆಗಳ ನಡುವೆ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಿ ಮಗುಚಲು ಒಂದೆರಡು ತೆರೆ ಸಾಕು. ಆದ್ದರಿಂದ ದೋಷ ಪತ್ತೆಯಾಗದೆ ಆಗೊಮ್ಮೆ ಈಗೊಮ್ಮೆ ನಿಲ್ಲುವ ಎಂಜಿನ್, ಸ್ಪಷ್ಟವಾಗಿ ಕೆಟ್ಟು ಕೂತ ಎಂಜಿನ್ನಿಗಿಂತ ಹೆಚ್ಚು ಅಪಾಯಕಾರಿ. ಎರಡು ಬಾರಿ ರಿಪೇರಿಯಾದ ಮೇಲೂ ಕಾರಣ ತಿಳಿಯದೆ ನಿಲ್ಲುವ ಎಂಜಿನ್ನನ್ನು, ಅದು ಎಷ್ಟೇ ಹೊಸದಾಗಿರಲಿ, ಒಂಟಿ ಎಂಜಿನ್ನಾಗಿ ಕಡಲಿಗೆ ಒಯ್ಯಬಾರದು. ಹೊಳೆಯ ಹಿನ್ನೀರಿಗೆ ಅಥವಾ ಬಿಡಿಭಾಗಗಳಿಗೆ ಅದನ್ನು ಉಳಿಸಿಕೊಳ್ಳಬಹುದು.

ಒಟ್ಟಿನಲ್ಲಿ, ಇಂಧನ, ಕಿಡಿ, ಇಂಪೆಲ್ಲರ್, ಗೇರ್‌ಬಾಕ್ಸಿನ ಸೀಲು ಇವುಗಳ ದೋಷಕ್ಕೆ ರಿಪೇರಿ. ಕಂಪ್ರೆಷನ್ ಕುಸಿದು ಮೈ ಗಟ್ಟಿಯಿದ್ದರೆ, ಕಾರಣ ಸಿಕ್ಕ ಮೇಲೆ ರಿಪೇರಿ. ಕಂಪ್ರೆಷನ್ನೂ ಕುಸಿದು ಮೈಯನ್ನೂ ಉಪ್ಪು ತಿಂದಿದ್ದರೆ ಹೊಸದು. ಹೊಸದನ್ನು ಕೊಳ್ಳುವವರು ಎಂಜಿನ್ ಸಂಖ್ಯೆ ನಮೂದಾದ ಬಿಲ್ ಪಡೆಯಬೇಕು, ಸಹಾಯಧನದ ನಿಯಮ ಮತ್ತು ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಣ ಕಟ್ಟುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ನಾಡದೋಣಿಯವರು ಕಂಪ್ರೆಷನ್ ಪರೀಕ್ಷೆಯನ್ನು ಏಪ್ರಿಲ್ ತಿಂಗಳಲ್ಲೇ ಮಾಡಿಸಿಕೊಂಡರೆ, ಬಿಡಿಭಾಗ ತರಿಸಲೂ ಹೊಸದಕ್ಕೆ ಹಣ ಹೊಂದಿಸಲೂ ಜೂನ್‌ಗೆ ಮೊದಲು ಸಾಕಷ್ಟು ಸಮಯ ಸಿಗುತ್ತದೆ.